ಮೊದಲು ಅಕ್ಕನ ಮದುವೆ

ಆಟಿ ತಿಂಗಳಲ್ಲಿ ಬದುಕಿರುವವರಿಗೆ ಮದುವೆಯಿಲ್ಲ. ಮಳೆಯೆಂದೋ ಕೈ ಖಾಲಿಯೆಂದೋ ಹಿರಿಯರು ಆ ಒಂದು ತಿಂಗಳನ್ನು ಶುಭಕಾರ್ಯದಿಂದ ಹೊರಗಿಟ್ಟರು. ಹೊರಗಿಟ್ಟದ್ದು ಖಾಲಿ ಉಳಿಯುತ್ತದೆಯೇ? ಸತ್ತವರು ಬಂದು ಕೂತರು. ಮದುವೆಯಾಗದೆ ತೀರಿಹೋದ ಮಕ್ಕಳಿಗೆ ಗಂಡು ಹುಡುಕಿ, ಹೆಣ್ಣು ಕೇಳಿ, ಧಾರೆ ಎರೆದು ಕೊಡುವುದು ತುಳುನಾಡಿನಲ್ಲಿ ಆಟಿಯಲ್ಲಿ ಮಾತ್ರ. ಒಂದು ಆಟಿ ತಪ್ಪಿದರೆ ಮತ್ತೆ ಬರುವ ಆಟಿ. ಸತ್ತವರಿಗೆ ಅದೇನೂ ದೊಡ್ಡದಲ್ಲ, ಅವರ ತಲೆಗೂದಲು ಬೆಳ್ಳಗಾಗುವುದಿಲ್ಲ. ಬೆಳ್ಳಗಾಗುವುದು ಶಿರ್ತಾಡಿಯ ವಿಜೇತಾಳಂಥವರ ಕೂದಲು.

ಶೋಧನನ ಸಂಬಂಧ ಕೂಡಿಬಂದಾಗ ವಿಜೇತಾಳಿಗೆ ಇಪ್ಪತ್ತೇಳು. ಮೂಡುಬಿದಿರೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ, ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವವಳು. ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಅಮ್ಮ ಜಲಜಾಕ್ಷಿ, ಮನೆಯ ಯಜಮಾನಿಕೆ ಅಮ್ಮನ ಅಣ್ಣ ಅಣ್ಣು ಮಾವನದು. ಶೋಧನ್ ಕುವೈತಿನಲ್ಲಿ ಯಾರದೋ ಹೋಟೆಲಿನ ಅಡುಗೆಮನೆಯಲ್ಲಿ ಬೆವರಿಳಿಸಿ, ವಾಪಸು ಬಂದು, ಫರಂಗಿಪೇಟೆಯಲ್ಲಿ ಹೈವೇ ಬದಿಗೆ ಸ್ವಂತದ್ದೊಂದು ಸಣ್ಣ ಹೋಟೆಲು ಇಟ್ಟಿದ್ದ. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ಎರಡೂ ಹೊತ್ತು ಜನ. ಹೆಣ್ಣು ನೋಡಲು ಬಂದ ದಿನ ವಿಜೇತಾ ಕಾಫಿ ತಂದು ಕೊಟ್ಟಾಗ ಅವನು ಒಂದು ಗುಟುಕು ಕುಡಿದು, ಹಾಲು ಸ್ವಲ್ಪ ಹೊತ್ತಿದೆ ಎಂದು ಎಲ್ಲರೆದುರೇ ಹೇಳಿಬಿಟ್ಟ. ಅವನ ತಾಯಿ ದಮಯಂತಿ ನಾಚಿ ನೀರಾದರು. ವಿಜೇತಾಳಿಗೆ ಮಾತ್ರ ಆಗಲೇ ಅವನು ಹಿಡಿಸಿದ್ದ. ಬಾಯಿಗೊಂದು ಹೊಟ್ಟೆಗೊಂದು ಇಲ್ಲದ ಗಂಡಸನ್ನು ಅವಳು ತನ್ನ ಮನೆಯಲ್ಲಿ ನೋಡಿರಲಿಲ್ಲ.

ಜಾತಕ ಕೂಡಿತು. ಬರಿಯೂ ಬೇರೆ ಬೇರೆ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ, ಗೋತ್ರದಂಥ ಬಳಿ, ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ. ವೀಳ್ಯ ಬದಲಾಯಿತು. ಧಾರೆ ಸೀರೆ ಆರಿಸಲು ಮೂಡುಬಿದಿರೆಯ ಅಂಗಡಿಗೆ ಶೋಧನನೂ ಬಂದು, ಹೆಂಗಸರು ತೆಗೆದಿಟ್ಟದ್ದನ್ನೆಲ್ಲ ಬದಿಗೆ ಸರಿಸಿ, ಹಣ್ಣಡಕೆ ಬಣ್ಣದ ಒಂದು ಸೀರೆಯ ಮೇಲೆ ಕೈಯಿಟ್ಟ. ಇನ್ನು ತನ್ನನ್ನು ಅತ್ತೆ ಎಂದೇ ಕರೆಯಬೇಕೆಂದು ದಮಯಂತಿ ಅಂಗಡಿಯಲ್ಲೇ ಹೇಳಿದರು. ಸೀರೆ ಗೋದ್ರೇಜು ಕಪಾಟಿನೊಳಗೆ ಹೋಯಿತು, ಮದುವೆಗೆ ಕಲ್ಯಾಣಮಂಟಪ ಗೊತ್ತು ಮಾಡುವುದೊಂದು ಬಾಕಿ.

ಅಷ್ಟರಲ್ಲಿ ಜಲಜಾಕ್ಷಿ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಳು, ಅದೇ ವಾರ ಹಟ್ಟಿಯಲ್ಲಿ ಗಬ್ಬದ ದನವೊಂದು ಸತ್ತಿತು. ಬಚ್ಚಲಲ್ಲಿ ಪಾಚಿ ಕಟ್ಟಿತ್ತು. ತಿಕ್ಕಿ ತೊಳೆದಿದ್ದರೆ ಕತೆ ಮುಗಿಯುತ್ತಿತ್ತು. ಅಣ್ಣು ಮಾವ ಪಾಚಿ ತೊಳೆಸಲಿಲ್ಲ, ಪ್ರಶ್ನೆ ಇರಿಸಿದರು. ಜೋಯಿಸರು ಕವಡೆ ಸರಿಸಿ, ಈ ಮನೆಯ ಬಾಗಿಲಲ್ಲಿ ಒಂದು ಹೆಣ್ಣುಮಗು ಕೂತಿದೆ ಎಂದರು. ಕೂತಿರಬೇಕಾದದ್ದೇ. ವಿಜೇತಾಳಿಗಿಂತ ಎರಡು ವರ್ಷ ಮೊದಲು ಹುಟ್ಟಿದ ಮಗು ಅದು, ತೊಟ್ಟಿಲು ಹಾಕುವ ಮೊದಲೇ, ಹೆಸರಿಡುವ ಮೊದಲೇ ಹೋಗಿತ್ತು. ಅಕ್ಕನ ಮದುವೆಯಾಗದೆ ತಂಗಿ ಹೊಸ್ತಿಲು ದಾಟಿದರೆ ಅವಳು ಬಿಡುವುದಿಲ್ಲ, ತಂಗಿಯ ಕೈಹಿಡಿದವನ ತಲೆಗೇ ಬರುತ್ತದೆ ಎಂದು ಜೋಯಿಸರು ಹೇಳಿದರು. ಪರಿಹಾರವೇನೂ ಕಷ್ಟದ್ದಲ್ಲ. ಬರುವ ಆಟಿಯಲ್ಲಿ ಆ ಮಗುವಿಗೊಂದು ಗಂಡು ನೋಡಿ ಮದುವೆ ಮಾಡಿಬಿಡುವುದು.

ವಿಜೇತಾ ಕಲಿತವಳು, ನಕ್ಕುಬಿಡಬಹುದಿತ್ತು. ಆದರೆ ಆಟಿಯಲ್ಲಿ ಸತ್ತವರಿಗೆ ಬಡಿಸುವ ದಿನ ಅಮ್ಮ ಹಿರಿಯರ ದೊಡ್ಡ ಎಲೆಗಳ ಕೊನೆಗೆ ಒಂದು ಅಂಗೈಯಗಲದ ಎಲೆಯ ತುಂಡು ಇಟ್ಟು, ಅದಕ್ಕೆ ಒಂದೇ ಚಮಚ ಹಾಲು ಹಾಕಿ, ಸೆರಗಿನಿಂದ ಮೂಗು ಒರೆಸಿಕೊಳ್ಳುವುದನ್ನು ಅವಳು ಬುದ್ಧಿ ತಿಳಿದಾಗಿನಿಂದ ನೋಡಿದ್ದಳು. ಆ ಎಲೆಯ ತುಂಡನ್ನು ದಾಟಿಹೋಗುವ ಧೈರ್ಯ ಅವಳಿಗಿರಲಿಲ್ಲ. ಒಂದು ವರ್ಷ ತಾನೇ ಎಂದುಕೊಂಡಳು. ತಾಳಿದವನು ಬಾಳಿಯಾನು ಎಂದು ಅಣ್ಣು ಮಾವನೂ ಹೇಳಿದರು. ಈ ಊರಿನಲ್ಲಿ ತಾಳ್ಮೆಯನ್ನು ಯಾರೂ ತಾವು ಉಣ್ಣುವುದಿಲ್ಲ, ಇನ್ನೊಬ್ಬರ ಎಲೆಗೆ ಬಡಿಸುತ್ತಾರೆ.

ಸತ್ತ ಗಂಡು ಹುಡುಕುವುದು ಬದುಕಿದ ಗಂಡು ಹುಡುಕುವುದಕ್ಕಿಂತ ಸುಲಭವೆಂದು ಯಾರಾದರೂ ತಿಳಿದಿದ್ದರೆ ಅವರು ಅಣ್ಣು ಮಾವನನ್ನು ನೋಡಿಲ್ಲ. ಮೊದಲ ಆಟಿಗೆ ವೇಣೂರಿನ ಕಡೆಯಿಂದ ಬಂದ ಸಂಬಂಧ ಒಂದೇ ಬರಿಯದ್ದಾಯಿತು. ಅದು ಯಾರ ತಪ್ಪೂ ಅಲ್ಲ. ಎರಡನೆಯ ಆಟಿಗೆ ಪುಂಜಾಲಕಟ್ಟೆಯ ಒಂದು ಮನೆಯವರು ತಾವಾಗಿ ಕೇಳಿಕೊಂಡು ಬಂದರು. ಎರಡು ವರ್ಷಕ್ಕೇ ಜ್ವರದಲ್ಲಿ ಹೋದ ಹುಡುಗ, ಎಲ್ಲವೂ ಕೂಡಿತು. ಮಾತಿನ ಮಧ್ಯೆ ಅವರ ಅಜ್ಜ ಅಣ್ಣು ಮಾವನ ಅಜ್ಜನ ಗದ್ದೆಗೆ ಒಕ್ಕಲಾಗಿದ್ದರೆಂದು ತಿಳಿಯಿತು. ಭೂಮಿ ಕೈಬಿಟ್ಟು ಅರ್ಧ ಶತಮಾನವೇ ಆಗಿತ್ತು, ಗತ್ತು ಕೈಬಿಟ್ಟಿರಲಿಲ್ಲ. ನಮ್ಮ ಮಗುವನ್ನು ಒಕ್ಕಲಿನವರ ಮನೆಗೆ ಕೊಡುವುದು ಹೇಗೆ ಎಂದು ಮಾವ ಎಲೆಯಡಿಕೆ ತಟ್ಟೆಯನ್ನು ಹಿಂದಕ್ಕೆ ಸರಿಸಿದರು. ಮಗು ಮಣ್ಣಾಗಿ ಮೂವತ್ತು ವರ್ಷವಾಗುತ್ತ ಬಂದಿತ್ತು.

ಮೂರನೆಯ ಆಟಿಗೆ ಒಳ್ಳೆಯ ಮನೆತನವೇ ಸಿಕ್ಕಿತು, ಹುಡುಗ ಮಾತ್ರ ನಮ್ಮ ಮಗುವಿಗಿಂತ ಐದು ತಿಂಗಳು ಸಣ್ಣವನು. ಗಂಡು ಹೆಣ್ಣಿಗಿಂತ ಸಣ್ಣವನಾದರೆ ನಾಲ್ಕು ಜನ ನಗುತ್ತಾರೆ ಎಂದರು ಮಾವ. ಮುಂದೆ ಎರಡು ಆಟಿ ಕೊರೋನ ತಿಂದುಹಾಕಿತು. ಅದರ ನಂತರದ್ದಕ್ಕೆ ಮಾವನ ದಾಯಾದಿಯೊಬ್ಬ ಸತ್ತು ಸೂತಕ ಬಂತು. ಒಂದೊಂದು ಸಲವೂ ಜಲಜಾಕ್ಷಿ ಗೋದ್ರೇಜು ತೆರೆದು ಸೀರೆಗೆ ಹೊಸ ನುಸಿಗುಳಿಗೆ ಇಟ್ಟು ಮುಚ್ಚಿದಳು.

ಶೋಧನ್ ಅಷ್ಟು ಕಾಲ ಸುಮ್ಮನೆ ಕಾದದ್ದೇ ದೊಡ್ಡದು. ಅವನ ತಮ್ಮನಂತಿದ್ದ ಚಿಕ್ಕಮ್ಮನ ಮಗ ರೋಹಿತನಿಗೆ ಮದುವೆಯಾಗಿ ಮಗುವಾಯಿತು. ದಮಯಂತಿಗೆ ಸಂಬಂಧಿಕರು ಬೇರೆ ಹೆಣ್ಣು ತೋರಿಸತೊಡಗಿದರು. ಒಂದು ಭಾನುವಾರ ಅವನು ವಿಜೇತಾಳನ್ನು ಹೋಟೆಲಿಗೆ ಬರಹೇಳಿದ. ಗಿರಾಕಿ ಇಲ್ಲದ ಮಧ್ಯಾಹ್ನ, ಹೊರಗೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಪಕ್ಕದ ಮೊಬೈಲ್ ಅಂಗಡಿಯ ಇಹ್ಸಾನ್ ಸಾಕ್ಷಿ ಹಾಕಲು ತಯಾರಿದ್ದಾನೆ, ಯಾವುದಾದರೂ ದೇವಸ್ಥಾನದಲ್ಲಿ ಹಾರ ಹಾಕಿಕೊಂಡು ಬಂಟ್ವಾಳದ ಕಚೇರಿಯಲ್ಲಿ ರುಜು ಹಾಕಿಬಿಡುವ ಎಂದು ಅವನು ಹೇಳಿದ. ಅವಳು ಬೆರಳಲ್ಲಿ ಮೇಜಿನ ನೀರು ಎಳೆಯುತ್ತ ಕೂತಳು.

“ನೋಡು ಮಾರಾಯ್ತಿ, ಬನ್ಸಿನ ಹಿಟ್ಟು ಒಂದು ರಾತ್ರಿ ಇಟ್ರೆ ಉಬ್ತದೆ. ಮೂರು ದಿನ ಇಟ್ರೆ ಚೆಲ್ಲುವುದೇ. ಕಾಯುವುದಕ್ಕೂ ಒಂದು ಮಿತಿ ಉಂಟು.”

“ನಿಮಗೆ ಎಂತಾದ್ರೂ ಆದ್ರೆ ನಾನು ಎಂತ ಮಾಡ್ಲಿ?” ಎಂದಳು ವಿಜೇತಾ. “ಇಷ್ಟು ವರ್ಷ ಕಾದಾಯ್ತು. ಈ ಒಂದು ಆಟಿ ನೋಡುವ. ಸ್ವಲ್ಪ ತಾಳ್ಮೆ ಇಟ್ಕೊಳ್ಳಿ.”

ಮಾವನ ಮಾತೇ ಅದು, ಅವಳ ಬಾಯಿಯಿಂದ ಬಂದಿತ್ತು. ಶೋಧನ್ ಒಂದು ಗಳಿಗೆ ಅವಳ ಮುಖ ನೋಡಿ ನಕ್ಕ. ಹಾಗಾದರೆ ಗಂಡು ತಾನೇ ಹುಡುಕುತ್ತೇನೆ ಎಂದ. ಅವನದ್ದು ಹಾಗೆಯೇ, ಹೇಳಿದ ಮೇಲೆ ಮಾಡಿಯೇ ಬಿಡುವವನು.

ಆ ಮಳೆಗಾಲ ಹೋಟೆಲನ್ನು ಕೆಲಸದವರಿಗೆ ಬಿಟ್ಟು ಅವನು ಬೈಕಿನಲ್ಲಿ ಬೆಳ್ತಂಗಡಿ ತಾಲೂಕು ತಿರುಗಿದ. ಊರು ಊರಿನ ಚಾ ಹೋಟೆಲಿನಲ್ಲಿ ಕೂತು, ಈ ಕಡೆ ಮೂವತ್ತೈದು ವರ್ಷದ ಕೆಳಗೆ ಯಾರದಾದರೂ ಗಂಡುಮಗು ಸತ್ತದ್ದುಂಟಾ ಎಂದು ವಿಚಾರಿಸುವುದು. ಒಂದು ಮನೆಯವರು ಅಂಗಳ ಗುಡಿಸುವ ಹಿಡಿಸೂಡಿ ತೋರಿಸಿದರು. ಇನ್ನೊಂದು ಮನೆಯ ಮುದುಕಿ, ಅಷ್ಟು ವರ್ಷಗಳಲ್ಲಿ ತನ್ನ ಮಗನ ಬಗ್ಗೆ ಕೇಳಿದ ಮೊದಲ ಮನುಷ್ಯ ಇವನೆಂದು ಅತ್ತು, ಪಾಯಸ ಮಾಡಿ ಉಣಿಸಿ ಕಳಿಸಿದಳು. ಅವನು ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದರೆ ವಿಜೇತಾ ಸಂಘದ ಕೌಂಟರಿನ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಸುಖವಾಗಿದ್ದ ತಿಂಗಳು ಅದೊಂದೇ ಎಂದರೆ ಸುಳ್ಳಲ್ಲ.

ಆಟಿ ಹಿಡಿದ ಎರಡನೆಯ ವಾರ ಅವನು ಬೆಳ್ತಂಗಡಿಯಿಂದ ಫೋನು ಮಾಡಿದ. “ಸಿಕ್ಕಿದ ಮಾರಾಯ್ತಿ. ಅಕ್ಕನಿಗಿಂತ ಒಂದೂವರೆ ವರ್ಷ ದೊಡ್ಡವ, ಬರಿ ಬೇರೆ, ಜನ ಒಳ್ಳೆಯವರು, ತೋಟ ಕೂಡ ಉಂಟು. ನಿನ್ನ ಮಾವ ಇನ್ನು ಎಂತ ಕೊಂಕು ತೆಗೀತಾರೆ ನೋಡುವ. ಈಗ ಹೊರಡ್ತೇನೆ.”

ಹೊರಟ. ಮಡಂತ್ಯಾರು ದಾಟಿ, ರಸ್ತೆ ಅಗಲ ಮಾಡಲು ಅಗೆದಿದ್ದ ಒಂದು ತಿರುವಿನಲ್ಲಿ ಕೆಸರಿಗೆ ಬೈಕು ಜಾರಿತು. ಎದುರಿನಿಂದ ಟ್ಯಾಂಕರೊಂದು ಬರುತ್ತಿತ್ತು. ಹೆಚ್ಚು ಹೇಳುವಂಥದ್ದು ಏನೂ ಇಲ್ಲ.

ಫರಂಗಿಪೇಟೆಯ ಮನೆಯಂಗಳದಲ್ಲಿ ವಿಜೇತಾ ನೆರೆಹೊರೆಯ ಹೆಂಗಸರ ಸಾಲಿನಲ್ಲಿ ನಿಂತಳು. ಹೆಂಡತಿಯಲ್ಲ, ಹಾಗಾಗಿ ಬಳೆ ಒಡೆಯಲಿಕ್ಕಿಲ್ಲ. ನೆಂಟಳಲ್ಲ, ಸೂತಕವೂ ಇಲ್ಲ. ಸಂಘದ ಮೆನೇಜರು ಒಂದು ದಿನದ ರಜೆ ಕೊಟ್ಟಿದ್ದರು, ಯಾರು ತೀರಿಹೋದದ್ದು ಎಂದು ಕೇಳಿದಾಗ ಅವಳಿಗೆ ಸರಿಯಾದ ಶಬ್ದ ಸಿಗದೆ, ಗುರುತಿನವರು ಎಂದಿದ್ದಳು. ಹೊಳೆಬದಿಯ ಸ್ಮಶಾನಕ್ಕೆ ಹೆಂಗಸರು ಹೋಗುವುದಿಲ್ಲ. ಅವನನ್ನು ಎತ್ತಿಕೊಂಡು ಹೋದ ಮೇಲೆ ಇಹ್ಸಾನ್ ಗೇಟಿನ ಹತ್ತಿರ ಒಬ್ಬನೇ ನಿಂತು ಅಳುತ್ತಿದ್ದ. ಅವಳು ಅವನನ್ನು ನೋಡಿ ಹೊಟ್ಟೆಕಿಚ್ಚುಪಟ್ಟಳು.

ವಾಪಸು ಬರುವಾಗ ಕಾರಿನಲ್ಲಿ ಅಣ್ಣು ಮಾವ ನಿಟ್ಟುಸಿರು ಬಿಟ್ಟು ಹೇಳಿದರು: “ಅವಸರ ಮಾಡಿ ಮದುವೆ ಮಾಡಿದ್ದಿದ್ರೆ ಇವತ್ತು ಹುಡುಗಿ ವಿಧವೆ. ನಮ್ಮ ತಾಳ್ಮೆಯೇ ಅವಳನ್ನು ಉಳಿಸಿದ್ದು.” ಜಲಜಾಕ್ಷಿ ಹೌದೆಂದು ತಲೆಯಾಡಿಸಿದಳು. ಹಿಂದಿನ ಸೀಟಿನಲ್ಲಿ ವಿಜೇತಾ ಕಿಟಕಿಯ ಗಾಜು ಇಳಿಸಿದಳು, ಮಳೆ ಒಳಗೆ ಬರುತ್ತದೆ ಎಂದು ಮಾವ ಏರಿಸಲು ಹೇಳಿದರು, ಏರಿಸಿದಳು. ಸಂಬಂಧ ಕೂಡಿಸಿದ ಮನುಷ್ಯನೇ ದಾರಿಯಲ್ಲಿ ಸತ್ತದ್ದು ಅಪಶಕುನವೆಂದು ಬೆಳ್ತಂಗಡಿಯವರು ಮರುದಿನವೇ ಹಿಂದೆ ಸರಿದರು. ಆ ಆಟಿಯೂ ಹೋಯಿತು.

ವರ್ಷ ತಿರುಗುವುದರೊಳಗೆ ಮಾವ ಹೊಸ ಗಂಡು ಗೊತ್ತುಮಾಡಿದ್ದರು. ಮುಂಬಯಿಯಲ್ಲಿ ಎರಡು ಹೋಟೆಲು ಇರುವ ಧರ್ಣಪ್ಪ, ಐವತ್ತರ ಹತ್ತಿರ, ಹೆಂಡತಿ ತೀರಿದವನು. ವಿಜೇತಾಳಿಗೂ ಈಗ ಮೂವತ್ತನಾಲ್ಕು, ಆರಿಸಿ ಕೂರುವ ಕಾಲವಲ್ಲ ಎಂದು ಮಾವ ಹೇಳಿದರು, ಆರಿಸಿದವರು ಯಾರೆಂಬುದು ಅವರಿಗೆ ಮರೆತಿತ್ತು. ಧರ್ಣಪ್ಪನದ್ದು ಒಂದೇ ಶರತ್ತು. ಒಬ್ಬನ ತಲೆಗೆ ಆಗಲೇ ಬಂದಿದೆ, ಮೊದಲು ಆ ಅಕ್ಕನ ಬಾಧೆ ಮುಗಿಸಿ ಕೊಡಿ ಎಂದ. ವಿಜೇತಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವಳನ್ನು ಯಾರೂ ಕೇಳಿರಲೂ ಇಲ್ಲ.

ಆಟಿಗೆ ಮುನ್ನ ಒಂದು ದಿನ ದಮಯಂತಿ ಬಂದರು. ಜೊತೆಗೆ ರೋಹಿತ್, ಇಬ್ಬರು ಹಿರಿಯರು, ಹರಿವಾಣದಲ್ಲಿ ಎಲೆಯಡಿಕೆ, ಮಲ್ಲಿಗೆ. ಕ್ರಮ ಪ್ರಕಾರ ಹೆಣ್ಣು ಕೇಳಲು ಬಂದವರು. ವಿಜೇತಾ ಅದೇ ಸ್ಟೀಲಿನ ಲೋಟಗಳಲ್ಲಿ ಕಾಫಿ ತಂದಳು. ಕಾಫಿ ಕೊಟ್ಟು ಮುಗಿಯುವವರೆಗೆ ಅವರು ಯಾರಿಗೆ ಯಾರನ್ನು ಕೇಳಲು ಬಂದಿದ್ದಾರೆಂದು ಅವಳಿಗೆ ಹೊಳೆದಿರಲಿಲ್ಲ. ಹಿರಿಯರಲ್ಲೊಬ್ಬರು ಗಂಟಲು ಸರಿಮಾಡಿಕೊಂಡು, ನಮ್ಮ ಶೋಧನನಿಗೆ ನಿಮ್ಮ ದೊಡ್ಡ ಮಗಳನ್ನು ಕೊಡಬೇಕು ಎಂದರು.

ಅಣ್ಣು ಮಾವನ ಮುಖ ಅರಳಿದ್ದನ್ನು ಅವಳು ಕಣ್ಣಾರೆ ಕಂಡಳು. ಬರಿ ಬೇರೆ, ಮನೆ ಗೊತ್ತಿದ್ದದ್ದು, ಹುಡುಗ ಒಂದು ವರ್ಷ ದೊಡ್ಡವನು, ಒಕ್ಕಲಿನ ಮನೆಯಲ್ಲ. ಅಷ್ಟು ಆಟಿಗಳಲ್ಲಿ ಹುಡುಕಿದರೂ ಸಿಗದಂಥ ಗಂಡು ಅಂಗಳಕ್ಕೇ ಬಂದಿತ್ತು. “ದೇವರು ಇಟ್ಟದ್ದು ಇದನ್ನೇ,” ಎಂದರು. “ಇಷ್ಟು ವರ್ಷ ಕಾದದ್ದು ದಂಡ ಆಗ್ಲಿಲ್ಲ ನೋಡು ಜಲಜಾ.” ಆಮೇಲೆ ಖಾಲಿ ಲೋಟ ಹೆಕ್ಕುತ್ತಿದ್ದ ವಿಜೇತಾಳ ಕಡೆಗೆ ತಿರುಗಿದರು, ಅವಳಿಗೂ ಒಂದು ಸಮಾಧಾನ ಹೇಳಬೇಕೆಂದು ತೋರಿರಬೇಕು. “ಇನ್ನು ಅವ ನಿನಗೆ ಭಾವ ಆಗ್ತಾನೆ. ಸಂಬಂಧ ಬಿಟ್ಟುಹೋಗುವುದಿಲ್ಲ ಅಲ್ವಾ?”

ದಮಯಂತಿ ಅಡುಗೆಮನೆಗೆ ಅವಳ ಹಿಂದೆಯೇ ಬಂದರು. ವರ್ಷದಲ್ಲಿ ಮುದುಕಿಯಾಗಿದ್ದರು. ಶೋಧನನ ಎಡೆಯನ್ನು ಕಾಗೆ ಮುಟ್ಟುವುದಿಲ್ಲ, ಅವನಿಗೊಂದು ಮದುವೆ ಆಗಬೇಕೆಂದೇ ಜೋಯಿಸರಿಗೂ ಕಂಡಿದೆ ಎಂದು ಒಂದೊಂದೇ ಹೇಳಿದರು. “ಕನಸಲ್ಲಿ ಬಂದು ಹಿಂದಿನ ಬಾಗಿಲಲ್ಲಿ ನಿಲ್ತಾನೆ ಮಗಾ. ಒಳಗೆ ಬಾ ಅಂದ್ರೆ, ಒಬ್ಬನೇ ಹೇಗೆ ಬರುವುದು ಅಂತ ಕೇಳ್ತಾನೆ. ನೀನು ಬೇಡ ಅಂದ್ರೆ ನಾನು ಈಗಲೇ ಎದ್ದು ಹೋಗ್ತೇನೆ.”

“ಸತ್ತವನಿಗೆ ಬದುಕಿದವಳನ್ನು ಕೊಡ್ಲಿಕ್ಕೆ ಇಲ್ವಾ ಅತ್ತೆ?”

ದಮಯಂತಿ ಅವಳ ಬಾಯಿಗೆ ಕೈ ಅಡ್ಡ ಇಟ್ಟರು. ಆ ಕೈಗೆ ಹೋಟೆಲಿನ ಎಣ್ಣೆಯ ವಾಸನೆಯಿತ್ತು, ಮಗ ಹೋದ ಮೇಲೆ ಬನ್ಸ್ ಕರಿಯುವುದು ಅವರೇ. ವಿಜೇತಾ ಕೈಯನ್ನು ಮೆತ್ತಗೆ ಸರಿಸಿ, ಆಗಲಿ ಎಂದಳು.

ಇಂಥ ಮದುವೆ ನಡೆಸಿಕೊಡುವವರು ಜಾತಿಯ ಹಿರಿಯ, ಊರಿನ ಗುರಿಕಾರ ಹುಕ್ರಪ್ಪಣ್ಣ. ಅವರು ಬಂದು ಕ್ರಮ ಹೇಳಿದರು. ಎರಡು ಮಣೆ, ಒಂದರಲ್ಲಿ ಗಂಡಿನ ಬಟ್ಟೆ, ಒಂದರಲ್ಲಿ ಹೆಣ್ಣಿನ ಸೀರೆ, ಬಳೆ, ಕರಿಮಣಿ. ಬದುಕಿರುವ ಒಬ್ಬರು ಅದನ್ನು ಕೈಯಲ್ಲಿ ಹಿಡಿದಿರಬೇಕು, ಹಿಡಿದವರೇ ಸತ್ತವರ ಬಾಯಿ. ಧಾರೆಯ ನೀರು ಬೀಳುವಾಗ ಸೀರೆ ಹಿಡಿದವಳು ಮದುಮಗಳ ಹೆಸರು ಹೇಳುತ್ತಾಳೆ, ಆ ಹೆಸರಿನವಳು ಆ ಕ್ಷಣದಿಂದ ಗಂಡನ ಮನೆಯವಳು. ಹೆಸರೇ ಇಲ್ಲದ ಮಗುವಿಗೆ ಏನು ಹೇಳುವುದು ಎಂಬ ಪ್ರಶ್ನೆ ಬಂತು. ಅಣ್ಣು ಮಾವ ಭಟ್ಟರನ್ನು ಕೇಳಿ ಪ್ರಾಪ್ತಿ ಎಂದು ನಿಶ್ಚಯ ಮಾಡಿದರು. ಸೀರೆ ಹಿಡಿಯಲು ತಂಗಿಯೇ ಆಗಬೇಕೆಂದಿಲ್ಲ, ಮನೆಯ ಯಾವ ಹೆಣ್ಣಾದರೂ ಆದೀತು ಎಂದು ಹುಕ್ರಪ್ಪಣ್ಣ ಸಂಕೋಚದಿಂದ ಹೇಳಿದರೆ, ತಾನೇ ಹಿಡಿಯುತ್ತೇನೆ ಎಂದಳು ವಿಜೇತಾ. ತಾಳ್ಮೆ ಎಂದರೆ ಇವಳದ್ದು ಎಂದು ಮಾವ ಮೆಚ್ಚಿಕೊಂಡರು.

ಆಗ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವನ ಅಂಗಿಯ ಎದುರು ಒಂದು ಸಲ ಕೂತು ಎದ್ದರೆ ಸಾಕು ಎಂದಷ್ಟೇ ಇತ್ತು. ಮದುವೆಯ ಬೆಳಿಗ್ಗೆ ಅಮ್ಮ ಗೋದ್ರೇಜು ತೆರೆಯದಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಜಲಜಾಕ್ಷಿ ಹಣ್ಣಡಕೆ ಬಣ್ಣದ ಸೀರೆಯನ್ನು ಹೊರಗೆ ತೆಗೆದು, ನುಸಿಗುಳಿಗೆ ಕೊಡವಿ, ಹರಿವಾಣದಲ್ಲಿಟ್ಟಳು. ವಿಜೇತಾ ನೋಡುತ್ತ ನಿಂತದ್ದನ್ನು ಕಂಡು ಸ್ವಲ್ಪ ಅಳುಕಿದಳು. “ನಿನಗೆ ಹೊಸತು ತೆಗೆಯುವ ಮಗಾ. ಇದು ಹಳೆ ಫ್ಯಾಶನ್ ಆಯ್ತು. ಹೇಗೂ ಕೊನೆಗೆ ಮರದ ಬುಡಕ್ಕೆ ಇಡುವ ಸೀರೆ, ಅದಕ್ಕೆ ಪುನಃ ಯಾಕೆ ಖರ್ಚು ಅಂತ ಮಾವ ಹೇಳಿದ್ರು.” ವಿಜೇತಾ ಸೀರೆಯ ಮಡಿಕೆಯನ್ನು ಮುಟ್ಟಿ ನೋಡಿದಳು. ಮಡಿಕೆಯ ಗುರುತಿನಲ್ಲಿ ಬಣ್ಣ ಸ್ವಲ್ಪ ಇಳಿದಿತ್ತು. ಅಂಗಡಿಯವನ ಚೀಟಿ ಕೂಡ ಸೆರಗಿಗೆ ಹಾಗೆಯೇ ಇತ್ತು. ಅವಳು ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಆಯಿತು ಎಂದಳು.

ಮಧ್ಯಾಹ್ನಕ್ಕೆ ಅಂಗಳದ ಚಪ್ಪರ ತುಂಬಿತು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಇಂಥ ಮದುವೆಗೂ ಹುಡುಗರು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು, ಹಿಂದೆ ಕೋರಿಗಸಿ, ಅಂದರೆ ಕೋಳಿಸಾರು, ಕುದಿಯುವ ವಾಸನೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಬಿಳಿ ಅಂಗಿಯ ಧರ್ಣಪ್ಪ ಕೂತಿದ್ದ, ಬಾಧೆ ಮುಗಿಯುವುದನ್ನು ಕಣ್ಣಿನಿಂದ ನೋಡಿಯೇ ಹೋಗಲು ಬಂದವನು. ಗಂಡಿನ ಮಣೆಯ ಹಿಂದೆ ರೋಹಿತ್ ಕೂತು ಅಣ್ಣನ ಬಟ್ಟೆ ಹಿಡಿದಿದ್ದ. ನೀಲಿ ಗೆರೆಯ ಅಂಗಿ. ಹೋಟೆಲಿನಲ್ಲಿ ಆ ಭಾನುವಾರ ಶೋಧನ್ ತೊಟ್ಟದ್ದು ಅದನ್ನೇ, ಎಡಗೈಯ ಮಡಿಕೆಯಲ್ಲಿ ಎಣ್ಣೆಯ ಒಂದು ಕಲೆ ಹೋಗದೆ ಉಳಿದಿತ್ತು. ದಮಯಂತಿ ಎಷ್ಟು ಸಲ ತೊಳೆದಿದ್ದರೋ. ವಿಜೇತಾಳಿಗೆ ಆ ಕಲೆಯನ್ನು ನೋಡಿದಾಗ ಬಂದದ್ದು ಅಳುವಲ್ಲ, ಸಿಟ್ಟು. ಅವನ ಹೋಟೆಲಿನಲ್ಲಿ ಕೂತು ತಾಳ್ಮೆಯ ಮಾತಾಡಿದ ತನ್ನ ಮೇಲೆ ಮೊದಲು, ಆಮೇಲೆ ಉಳಿದವರ ಮೇಲೆ. ಅವನು ಆರಿಸಿದ ಸೀರೆ ತನ್ನ ಕೈಯಲ್ಲಿತ್ತು. ಅವನ ಅಂಗಿ ಎದುರಿಗಿತ್ತು. ನಡುವೆ ಬರುವ ಹೆಸರು ಮಾತ್ರ ಇನ್ನೊಬ್ಬಳದು.

ಹುಕ್ರಪ್ಪಣ್ಣ ಅಂಗಿಯ ತೋಳಿನ ಮೇಲೆ ಸೀರೆಯ ಸೆರಗು ಇರಿಸಿ, ಅದರ ಕೆಳಗೆ ರೋಹಿತ್ ಮತ್ತು ವಿಜೇತಾರ ಕೈ ಹಿಡಿಸಿ, ಗಿಂಡಿ ಎತ್ತಿದರು. ಗಂಡಿನ ಹೆಸರು ಕೇಳಿದರು. ಶೋಧನ್ ಎಂದು ರೋಹಿತ್ ಹೇಳಿದ. ನೀರು ಎರೆಯುತ್ತ, ಈ ಮನೆಯಿಂದ ಹೊರಡುವ ಹೆಣ್ಣಿನ ಹೆಸರೇನು ಎಂದು ಕೇಳಿದರು.

“ವಿಜೇತಾ.”

ಜೋರಾಗಿಯೇ ಹೇಳಿದಳು, ಹಿಂದಿನ ಸಾಲಿಗೂ ಕೇಳಿತು. ಹುಕ್ರಪ್ಪಣ್ಣನ ಕೈಯ ಗಿಂಡಿ ವಾಲಿ ನೀರೆಲ್ಲ ಒಮ್ಮೆಗೇ ಅಂಗಿಯ ಮೇಲೂ ಸೀರೆಯ ಮೇಲೂ ಸುರಿಯಿತು. ಹೆಂಗಸರ ಕಡೆಯಿಂದ ಗುಸುಗುಸು ಎದ್ದಿತು. ಬಾಯಿ ತಪ್ಪಿ ಬಂದದ್ದು, ಪುನಃ ಎರೆಯಿರಿ ಎಂದು ಅಣ್ಣು ಮಾವ ಎದ್ದು ನಿಂತರು. ಬಾಯಿ ತಪ್ಪಿಲ್ಲ, ತಿಳಿದೇ ಹೇಳಿದ್ದು ಎಂದಳು ವಿಜೇತಾ.

ಹುಕ್ರಪ್ಪಣ್ಣ ಗಿಂಡಿ ಕೆಳಗಿಟ್ಟು ಬೆವರು ಒರೆಸಿಕೊಂಡರು. “ನೀರು ಬಿದ್ದ ಮೇಲೆ ತಿದ್ದಲಿಕ್ಕೆ ಇಲ್ಲ. ಒಬ್ಬನಿಗೆ ಎರಡು ಸಲ ಧಾರೆ ಎರೆಯುವ ಕ್ರಮ ನಾನು ಕೇಳಿಲ್ಲ. ಬಿಡಿಸ್ಲಿಕ್ಕೆ ಆಗ್ತದಾ ಅಂತ ಪ್ರಶ್ನೆ ಇಟ್ಟು ನೋಡ್ಬೇಕು. ಆದ್ರೂ ಬರುವ ಆಟಿಗೇ.”

ಧರ್ಣಪ್ಪ ಎದ್ದು, ಚಪ್ಪರದ ಬುಡದಲ್ಲಿ ಬಿಟ್ಟಿದ್ದ ಚಪ್ಪಲಿ ಹುಡುಕಿಕೊಂಡ. ಸತ್ತವರ ಮದುವೆಯಲ್ಲಿ ಹೆಸರು ಕೂಗಿಸಿಕೊಂಡ ಹೆಣ್ಣನ್ನು ಇನ್ನು ಮುಂಬಯಿಯಿಂದಲ್ಲ, ಎಲ್ಲಿಂದಲೂ ಯಾರೂ ಕೇಳಿಕೊಂಡು ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು, ವಿಜೇತಾಳಿಗೂ. ಮಾವ ಅವನ ಹಿಂದೆ ನಾಲ್ಕು ಹೆಜ್ಜೆ ಓಡಿ, ತಿರುಗಿ ಬಂದು, ವಿಜೇತಾಳ ಮೇಲೆ ಕೈಯೆತ್ತಿದರು. ಎತ್ತಿದ ಕೈ ಅಲ್ಲಿಯೇ ನಿಂತಿತು. ಸತ್ತವರ ಪಾಲಿಗೆ ಹೋದವಳನ್ನು ಹೊಡೆಯಲು ಅವರಿಗೆ ಹೆದರಿಕೆಯಾಯಿತು.

“ತಾಳಿದವನು ಬಾಳಿಯಾನು ಮಾವ,” ಎಂದಳು ವಿಜೇತಾ. “ಬರುವ ಆಟಿಯವರೆಗೆ ಸ್ವಲ್ಪ ತಾಳ್ಮೆ ಇರ್ಲಿ.”

ಆ ಮಾತು ಹೇಳಿದಾಗ ಅವಳಿಗೆ ಸುಖವಾಯಿತು, ಇಲ್ಲವೆನ್ನುವುದು ಬೇಡ. ಆದರೆ ಜಲಜಾಕ್ಷಿ ಮಗಳನ್ನು ಬೈಯಲಿಲ್ಲ, ಮಾವನ ಕಡೆ ನೋಡಲೂ ಇಲ್ಲ. ಅವಳು ಖಾಲಿಯಾದ ಮಣೆಯ ಹತ್ತಿರ ಕೂತು, ಪ್ರಾಪ್ತಿಗೆಂದು ತಂದಿದ್ದ ಸಣ್ಣ ಬಳೆಗಳನ್ನು ಮಡಿಲಿಗೆ ಎಳೆದುಕೊಂಡು ಅತ್ತಳು. ಬಾಲೆ ಪುನಃ ಬಾಗಿಲಲ್ಲೇ ಉಳಿಯಿತಲ್ಲ, ಅದಕ್ಕೆ ಯಾರೂ ಇಲ್ಲವಲ್ಲ ಎಂದು. ವಿಜೇತಾಳ ಎದೆಗೆ ಅದೊಂದು ನಾಟಿತು. ತೊಟ್ಟಿಲನ್ನೂ ಕಾಣದ ಆ ಕೂಸು ಏನು ಮಾಡಿತ್ತು? ಅದರ ಪಾಲಿಗೆ ಬಂದ ಒಬ್ಬನೇ ಗಂಡನನ್ನು ತಂಗಿ ಕಸಿದುಕೊಂಡಿದ್ದಳು. ಗೊತ್ತಿತ್ತು, ಗೊತ್ತಿದ್ದೂ ಕೊಡಲು ಮನಸ್ಸು ಬರಲಿಲ್ಲ. ಅಕ್ಕನೂ ಕಾಯಲಿ ಎಂದುಕೊಂಡಳು, ಅಷ್ಟು ಕಠಿಣವಾಗಿಯೇ.

ನಗುತ್ತಿದ್ದವರು ದಮಯಂತಿ ಒಬ್ಬರೇ. ಅವರು ಒದ್ದೆ ಅಂಗಿಯನ್ನೂ ಸೀರೆಯನ್ನೂ ಒಟ್ಟಿಗೆ ಸುತ್ತಿ ಎದೆಗವಚಿಕೊಂಡು, ಹೊರಡುವ ಎಂದು ರೋಹಿತನಿಗೆ ಹೇಳಿದರು. ವಿಜೇತಾಳ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಸೊಸೆ ಅವರ ಕೈಯ ಗಂಟಿನಲ್ಲಿದ್ದಳು, ಅಲ್ಲಿ ನಿಂತಿದ್ದವಳು ಅವರಿಗೆ ಬೇಕಾಗಿರಲಿಲ್ಲ. ಕಾರು ಗೇಟು ದಾಟುವವರೆಗೆ ವಿಜೇತಾ, ಒಂದು ಸಲ ತಿರುಗಿ ನೋಡಬಹುದೆಂದು ಕಾದಳು. ಸಂಜೆಯೊಳಗೆ ಆ ಸೀರೆ ಫರಂಗಿಪೇಟೆಯ ಯಾವುದೋ ಹಾಲೆಮರದ ಬುಡದಲ್ಲಿ ಅವನ ಅಂಗಿಯ ಜೊತೆ ನೆನೆಯುತ್ತಿರುತ್ತದೆ.

ಊಟಕ್ಕೆ ಯಾರೂ ಕೂರಲಿಲ್ಲ. ಅಡುಗೆಯವರು ಕೋರಿಗಸಿಯ ಪಾತ್ರೆಯ ಹತ್ತಿರ ಸೌಟು ಹಿಡಿದು ನಿಂತಿದ್ದರು. ಒಳಕೋಣೆಯಲ್ಲಿ ಮಾತ್ರ ಧಾರೆಗೆ ಮೊದಲೇ ಬಡಿಸಿಟ್ಟಾಗಿತ್ತು. ಮದುಮಗ, ಮದುಮಗಳಿಗೆಂದು ಜೋಡಿ ಎಲೆ, ರೊಟ್ಟಿ, ಗಸಿ, ಪಾಯಸ, ಅವನಿಗೆ ಇಷ್ಟವೆಂದು ದಮಯಂತಿ ಕಟ್ಟಿ ತಂದಿದ್ದ ಬನ್ಸ್. ಬಡಿಸಿ ಬಾಗಿಲು ಎಳೆದ ಮೇಲೆ ಬದುಕಿರುವವರು ಆ ಕೋಣೆಗೆ ಕಾಲಿಡಬಾರದು. ವಿಜೇತಾ ಬಾಗಿಲು ದೂಡಿ ಒಳಗೆ ಹೋದಳು. ಯಾರೂ ತಡೆಯಲಿಲ್ಲ.

ಅವಳು ಎಡಗಡೆಯ ಎಲೆಯ ಮುಂದೆ ಕೂತಳು. ಬನ್ಸ್ ತಣ್ಣಗಾಗಿತ್ತು, ಮುರಿದಾಗ ಒಳಗಿನಿಂದ ಹುಳಿವಾಸನೆ ಬಂತು. ಗಂಡ ಎಲೆಗೆ ಕೈ ಹಾಕುವವರೆಗೆ ಹೆಂಡತಿ ಕಾಯಬೇಕೆಂದು ಅಮ್ಮ ಸಣ್ಣದರಲ್ಲೇ ಹೇಳಿಕೊಟ್ಟಿದ್ದಳು. ವಿಜೇತಾ ಕಾಯಲಿಲ್ಲ, ಉಂಡಳು.